ನೆದರ್ಲ್ಯಾಂಡ್ಸ್‌ನಿಂದ ಬಂದ ಮೂಗರ್ಜಿ

ಮೂಗರ್ಜಿ ಬರೆಯುವುದರಲ್ಲಿ ಸಂಗಮನಾಥನಷ್ಟು ಹೆಸರು ಮಾಡಿದವನು ನಮ್ಮ ಶಹಾಪುರದಲ್ಲಿ ಇನ್ನೊಬ್ಬನಿಲ್ಲ. ಹೆಸರು ಹಾಕದೆ ಬರೆಯುವ ಅರ್ಜಿಯಲ್ಲಿ ಹೆಸರು ಮಾಡಿದನೆಂದರೆ ಆ ಕೆಲಸ ಅವನಿಗೆ ಎಷ್ಟು ಬರುತ್ತಿತ್ತೆಂದು ನೀವೇ ತಿಳಿದುಕೊಳ್ಳಿ.

ಬಸ್ ನಿಲ್ದಾಣದ ಹತ್ತಿರ ಅವನದು ಬೀಜ-ಗೊಬ್ಬರದ ಅಂಗಡಿ, ಪಕ್ಕದಲ್ಲಿ ನನ್ನದು ಝೆರಾಕ್ಸ್ ಅಂಗಡಿ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಎಡಗೈಯಲ್ಲಿ ಅರ್ಜಿ ಗೀಚಿ, ಶಹಾಪುರದ ಅಂಚೆ ಮುದ್ರೆ ಬೀಳಬಾರದೆಂದು ಬಸ್ ಹತ್ತಿ ಸುರಪುರಕ್ಕೆ ಹೋಗಿ ಅಲ್ಲಿಯ ಡಬ್ಬಿಗೆ ಹಾಕಿ ಬರುತ್ತಿದ್ದ. ಕಂಡಕ್ಟರ್ ದುರಗಪ್ಪ ಟಿಕೆಟ್ ಹರಿಯುವಾಗಲೇ, “ಸಾವಕಾರ್ರ, ಇವತ್ತು ಯಾರ ಮ್ಯಾಲ್ರಿ?” ಎಂದು ಕೇಳುತ್ತಿದ್ದ. ಬಸ್ಸಿಗೆ ಬಸ್ಸೇ ನಗುತ್ತಿತ್ತು. ಇವನಿಗೆ ಮಾತ್ರ ತಾನು ಸಿಐಡಿ ಎಂಬ ಹಮ್ಮು.

ಹೋದ ವರ್ಷ ಅವನ ಕೈಗೆ ವಿಪಿಎನ್ ಸಿಕ್ಕಿತು. ನೀವಿರುವ ಊರನ್ನು ಮುಚ್ಚಿಟ್ಟು ಬೇರೆ ದೇಶದಲ್ಲಿದ್ದಂತೆ ತೋರಿಸುವ ಆ್ಯಪ್ ಅದು. ಬಿಟ್ಟಿ ಸಿಗುವಂಥದ್ದು. ದಿನಾ ಬೆಳಿಗ್ಗೆ ಹೋಟೆಲ್ಲಿನಲ್ಲಿ ಮಂಡಕ್ಕಿ ಸುಸಲಾ ತಿನ್ನುತ್ತ ಅದನ್ನು ಚಾಲೂ ಮಾಡುತ್ತಿದ್ದ. ನೀವು ಎಲ್ಲಿದ್ದೀರೆಂದು ಹೇಳುವ ವೆಬ್‌ಸೈಟ್ ಒಂದನ್ನು ತೆರೆದು ಫೋನನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯುತ್ತಿದ್ದ.

“ನೋಡ್ರಿ, ನಾ ಈಗ ನೆದರ್ಲ್ಯಾಂಡ್ಸ್‌ನಾಗ ಅದೀನಿ. ಚೆಕ್ ಮಾಡೇನಿ. ಯಾರಪ್ಪಗೂ ಸಿಗಂಗಿಲ್ಲ.”

“ನೆದರ್ಲ್ಯಾಂಡ್ಸ್ ಸಾವಕಾರ್ಗ ಇನ್ನೊಂದು ಪ್ಲೇಟ್ ಮಿರ್ಚಿ!” ಎಂದು ಹೋಟೆಲ್ಲಿನ ಅಬ್ದುಲ್ ಕರೀಮ ಒಳಗೆ ಕೂಗುತ್ತಿದ್ದ.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಅಷ್ಟರಲ್ಲಿ ಪರಿಮಳಾ ಬಂದಳು. ವಡಗೇರಾ ದಾರಿಯ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಮಕ್ಕಳ ಪಾಲಿನ ಎಣ್ಣೆ, ಬೇಳೆ, ಹಾಲಿನ ಪುಡಿ ಹೆಡ್‌ಮಾಸ್ತರನ ಮನೆ ಸೇರುತ್ತಿದ್ದವು. ಸಾರು ದಿನದಿನಕ್ಕೆ ನೀರಾಗುತ್ತಿತ್ತು. ಬಡಿಸುವವಳು ಅವಳಾದ್ದರಿಂದ ಮಕ್ಕಳ ತಾಯಂದಿರ ಬೈಗುಳವೂ ಅವಳಿಗೇ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಗಂಡನಿಲ್ಲದ ಮನೆಗೆ ಆ ಕೆಲಸ ಒಂದೇ ಆಧಾರ.

“ಅಣ್ಣಾರ, ನನ್ನ ಹೆಸ್ರು ಮಾತ್ರ ಬರಬಾರದ್ರಿ,” ಎಂದಳು.

“ನಿನ್ನ ಹೆಸ್ರು ಬಿಡು ತಂಗಿ, ನಮ್ಮ ದೇಶದ ಹೆಸ್ರೇ ಬರಂಗಿಲ್ಲ,” ಎಂದ ಸಂಗಮನಾಥ.

ಮರುದಿನ ಫೋನಿನಲ್ಲೇ ಅರ್ಜಿ ಬರೆದು, ಕಾಗದದ ಮೇಲೆ ಒಮ್ಮೆ ಓದಿ ನೋಡೋಣವೆಂದು ನನ್ನ ಅಂಗಡಿಗೆ ಮೇಲ್ ಮಾಡಿದ, ವಿಪಿಎನ್ ಹಾಕಿಕೊಂಡೇ. ನನ್ನ ಕಂಪ್ಯೂಟರಿನಲ್ಲಿ ತೆರೆದರೆ ಎಲ್ಲಕ್ಕಿಂತ ಮೇಲೆ, ಕಳಿಸಿದವರ ಜಾಗದಲ್ಲಿ, ದಪ್ಪಕ್ಷರದಲ್ಲಿ ಅವನ ಪೂರ್ತಿ ಹೆಸರು. ಪಕ್ಕದಲ್ಲಿ ತಿಂಥಣಿ ಗುಡಿಯ ಮುಂದೆ ನಿಂತು ಹಲ್ಲು ಕಿರಿದ ಫೋಟೊ. ಮಗಳ ಮದುವೆ ಕಾರ್ಡು ಕಳಿಸಲು ಮಾಡಿಸಿಕೊಂಡಿದ್ದ ಅದೇ ಮೇಲ್ ವಿಳಾಸ.

“ಲೇ, ನಿನ್ನ ಹೆಸ್ರು, ಫೋಟೊ ಎರಡೂ ಬಂದಾವಲ್ಲೋ,” ಎಂದೆ.

“ಅದು ನಿನಗಷ್ಟ ಕಾಣ್ತದ. ನೀ ನನ್ನ ಗುರ್ತಿನಾಂವ ಅದಿ. ಇಲ್ನೋಡು, ನೆದರ್ಲ್ಯಾಂಡ್ಸ್ ಅಂತ ತೋರಿಸಾಕತ್ತಿಲ್ಲೇನು?” ಎಂದು ಫೋನನ್ನು ನನ್ನ ಮೂಗಿಗೆ ಹಿಡಿದ.

ಹಿತ್ತಿಲ ಬಾಗಿಲು ತೆರೆದಿಟ್ಟು ಮುಂಬಾಗಿಲಿನ ಬೀಗವನ್ನು ಎಳೆದೆಳೆದು ನೋಡುವ ಜಾತಿ ಇವನದು. ಕೋಣನ ಮುಂದೆ ಕಿನ್ನರಿ ಯಾಕೆ ಬಾರಿಸಬೇಕೆಂದು ನಾನು ಸುಮ್ಮನಾದೆ. ನಿಜ ಹೇಳುತ್ತೇನೆ, ಈ ಶಾಣ್ಯಾ ಒಮ್ಮೆ ಸಿಕ್ಕಿಬೀಳುವುದನ್ನು ಕಣ್ಣಾರೆ ನೋಡಬೇಕೆಂಬ ಚಪಲವೂ ಇತ್ತು. ಪರಿಮಳಾಳ ನೆನಪು ನನಗೆ ಬರಲಿಲ್ಲ.

ಅರ್ಜಿ ಅದೇ ಮೇಲ್‌ನಿಂದ ಯಾದಗಿರಿಯ ದೊಡ್ಡ ಸಾಹೇಬರೊಬ್ಬರಿಗೆ ಹೋಯಿತು. ಅಲ್ಲಿಯ ಯಾರೋ ಪುಣ್ಯಾತ್ಮ ಅದನ್ನು ಇದ್ದ ಹಾಗೇ ಹೆಡ್‌ಮಾಸ್ತರನಿಗೆ ದಾಟಿಸಿ ಉತ್ತರ ಕೇಳಿದ. ನಾಲ್ಕನೇ ದಿನ ಹೆಡ್‌ಮಾಸ್ತರ ಬೀಜದ ಅಂಗಡಿಯ ಮುಂದೆ ಬೈಕ್ ನಿಲ್ಲಿಸಿ, ಆ ಹಲ್ಲು ಕಿರಿದ ಫೋಟೊ ತೋರಿಸಿ, “ಇವ್ರು ಯಾರ್ರಿ ಸಾವಕಾರ್ರ?” ಎಂದ. ಬೈಯಲಿಲ್ಲ, ಕೈ ಎತ್ತಲಿಲ್ಲ. ಕೇಸ್ ಹಾಕುತ್ತೇನೆ ಎಂದನಷ್ಟೆ.

“ನನಗೇನ್ ಗೊತ್ರಿ ಮಾಸ್ತರ, ಆ ಅಡಿಗಿ ಪರಿಮಳಾ ಬರಿಸ್ಯಾಳ,” ಎಂದ ನಮ್ಮ ನೆದರ್ಲ್ಯಾಂಡ್ಸ್ ವೀರ. ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತೂ ತಡೆಯಲಿಲ್ಲ. ಥೂ ಅವನ!

ಮರುದಿನ ಪರಿಮಳಾಳನ್ನು ಅಡುಗೆಮನೆಯ ಬಾಗಿಲಿನಿಂದಲೇ ಹೊರಗೆ ಕಳಿಸಿದರು. ಮಧ್ಯಾಹ್ನ ಅವಳು ಶಹಾಪುರಕ್ಕೆ ಬಂದಳು. ಸಂಗಮನಾಥ ಅವಳನ್ನು ಕಂಡವನೇ ಗೊಬ್ಬರದ ಚೀಲಗಳ ಹಿಂದೆ ಸರಿದ. ಅವಳು ಆ ಕಡೆ ತಿರುಗಿಯೂ ನೋಡದೆ ನೇರ ನನ್ನ ಅಂಗಡಿಗೆ ಬಂದು, ಇನ್ನೊಂದು ಅರ್ಜಿ ಟೈಪ್ ಮಾಡಿಕೊಡಿ ಎಂದಳು.

“ಹೆಸ್ರು ಹಾಕ್ಲೇನವ್ವ?”

“ಹಾಕ್ರಿ. ಹೆಸ್ರು, ಊರು, ಫೋನ್ ನಂಬರ, ಎಲ್ಲಾ ಹಾಕ್ರಿ. ಇನ್ನ ಮುಚ್ಚಾಕ ಏನ್ ಉಳದದ್ರಿ?”

ಅವಳು ಹೇಳಿದಳು, ನಾನು ಟೈಪ್ ಹೊಡೆದೆ. ಎಣ್ಣೆ ಎಷ್ಟು ಬಂತು, ಎಷ್ಟು ಹೋಯಿತು, ಯಾವ ವಾರ, ಎಲ್ಲ ಅವಳ ನಾಲಿಗೆಯ ಮೇಲಿತ್ತು. ಪ್ರಿಂಟ್ ತೆಗೆದು ಕೊಟ್ಟಾಗ ಸಹಿ ಮಾಡಲು ಪೆನ್ ಹಿಡಿದವಳು ತಲೆ ಎತ್ತಿದಳು.

“ಮೊದಲಿನ ಅರ್ಜಿ ಇಲ್ಲೇ ಪ್ರಿಂಟ್ ಆಗಿತ್ತಂತಲ್ರಿ. ಆವಾಗ ಅವರ ಹೆಸ್ರು ನಿಮಗ ಕಂಡಿದ್ದಿಲ್ಲೇನ್ರಿ?”

“ಕಂಡಿತ್ತವ್ವ,” ಎಂದೆ.

ಪರಿಮಳಾ ಸಹಿ ಮಾಡಿದಳು. ಅರ್ಜಿ ಮಡಚಿ ಚೀಲಕ್ಕೆ ಹಾಕಿಕೊಂಡಳು.

“ಅವರಿಗಿ ತಿಳೀಲಿಲ್ಲ, ಹೋಗ್ಲಿ ಬಿಡ್ರಿ. ನಿಮಗ ತಿಳಿದಿತ್ತಲ್ರಿ,” ಎಂದವಳು ಯಾದಗಿರಿ ಬಸ್ ಹತ್ತಿದಳು.