ಬಸ್ಸು ತಪ್ಪಿಸಿಕೊಂಡ ಮೇಷ್ಟ್ರು

ಹುಚ್ಚೀರಯ್ಯ ಮೇಷ್ಟ್ರನ್ನು ಬೆಲ್ಲದ ಅಚ್ಚಿನ ಹಾಗೆ ಮಂಡಿಯ ಚಾಪೆಯ ಮೇಲಿಟ್ಟಿದ್ದರೆ ಯಾವ ವ್ಯಾಪಾರಿಯೂ ಮೊದಲು ಮುಟ್ಟುತ್ತಿರಲಿಲ್ಲ. ಬಣ್ಣ ಕಪ್ಪು, ಅಂಚು ಸವೆದದ್ದು, ತೂಕ ಕಡಿಮೆ, ಮಾತಿನಲ್ಲಿ ಸಿಹಿಯೂ ಅಷ್ಟಕ್ಕಷ್ಟೆ. ಒಳಗೆ ಮರಳಿಲ್ಲ ಎಂಬುದು ಮುರಿದು ನೋಡಿದವನಿಗೆ ಮಾತ್ರ ಗೊತ್ತಾಗುವ ಮಾಲು. ಮುರಿದು ನೋಡುವ ಪುರಸೊತ್ತು ಯಾರಿಗಿತ್ತು?

೧೯೪೩ರಲ್ಲಿ ಅವರಿಗೆ ಐವತ್ಮೂರು. ಮನೆ ಮದ್ದೂರಿನಲ್ಲಿ, ಶಾಲೆ ಬೆಂಗಳೂರು ರಸ್ತೆಯಲ್ಲಿ ನಾಲ್ಕು ಮೈಲಿ ಆಚೆ. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದವು. ಸಂಜೆ ಐದಕ್ಕೊಂದು ಬಸ್ಸು, ತಪ್ಪಿದರೆ ನಡಿಗೆ. ಹಿಮ್ಮಡಿ ಒಡೆದ ಮೇಷ್ಟ್ರು ಇಡೀ ದಿನದಲ್ಲಿ ಆಸೆಪಟ್ಟು ಕಾಯುತ್ತಿದ್ದದ್ದು ಆ ಬಸ್ಸೊಂದನ್ನೇ.

ಆಗಿನ ಶಾಲೆಗಳಲ್ಲಿ ಒಂದು ಪದ್ಧತಿ ಇತ್ತು. ಪ್ರಶ್ನೆಗೆ ಉತ್ತರ ಹೇಳಿದವನು ಹೇಳದವರ ಮೂಗು ಹಿಡಿದು ಕೆನ್ನೆಗೊಂದು ಬಿಡಬೇಕು. ಮೇಷ್ಟ್ರ ಕೈಗೆ ವಿಶ್ರಾಂತಿ, ಹುಡುಗರಿಗೆ ಭಯ. ಹುಚ್ಚೀರಯ್ಯನವರೂ ಇಪ್ಪತ್ತೆಂಟು ವರ್ಷ ಹಾಗೇ ನಡೆಸಿಕೊಂಡು ಬಂದಿದ್ದರು. ಮಂಡಿ ಕೆಂಪಯ್ಯನವರ ಮಗ ರೇವಣ್ಣ ಬೆಲ್ಲ ತೂಗಿ ತೂಗಿ ಬಾಯಿಲೆಕ್ಕದಲ್ಲಿ ಚುರುಕು, ಹೊಡೆಯುವುದರಲ್ಲಿ ಇನ್ನೂ ಚುರುಕು. ಅದರಲ್ಲೂ ಚೌಡನ ಕೆನ್ನೆಗೆ ಬಿದ್ದ ಏಟು ಬಾವಿಕಟ್ಟೆಯವರೆಗೆ ಕೇಳುತ್ತಿತ್ತು. ಚೌಡ ಕೂಲಿ ಮಾಡುವ ಬೆಳ್ಳಮ್ಮನ ಒಬ್ಬನೇ ಮಗ. ತರಗತಿಯಲ್ಲಿ ಬಾಯಿ ಬಿಟ್ಟವನೇ ಅಲ್ಲ. ದಡ್ಡ ಎಂದು ಮೇಷ್ಟ್ರು ತೀರ್ಮಾನಿಸಿಬಿಟ್ಟಿದ್ದರು.

ಒಂದು ವಾರ ಹುಡುಗ ಬರಲಿಲ್ಲ. ಹಾಜರಿ ಪುಸ್ತಕ ಕೆಡುತ್ತದಲ್ಲ ಎಂದು ಗೊಣಗುತ್ತಾ ಮೇಷ್ಟ್ರು ಅವನ ಮನೆಗೆ ಹೋದರು. ಹಿತ್ತಲಲ್ಲಿ ಚೌಡ ಎಮ್ಮೆಗೆ ಹುಲ್ಲು ಹಾಕುತ್ತಾ ಅದಕ್ಕೇ ಹದಿನೇಳರ ಮಗ್ಗಿ ಒಪ್ಪಿಸುತ್ತಿದ್ದ. ಒಂದೂ ತಪ್ಪಿಲ್ಲ. ಎಮ್ಮೆ ಗಮನವಿಟ್ಟು ಕೇಳುತ್ತಿತ್ತು. ತರಗತಿಯಲ್ಲಿ ಅಂಥ ವಿದ್ಯಾರ್ಥಿ ಯಾರೂ ಇರಲಿಲ್ಲ.

"ಉತ್ರ ಏಳುದ್ರೆ ಕೆರೆಗೆ ನೂಕ್ತೀನಿ ಅಂದವ್ನಂತೆ ಆ ಮಂಡಿಯವ್ರ ಐದ ರೇವಣ್ಣ," ಎಂದಳು ಬೆಳ್ಳಮ್ಮ. "ಏಳ್ದೆ ಇದ್ರೆ ನೀವೇ ಒಡಿಸ್ತೀರಿ. ನನ್ ಮಗನ ಕೆನ್ನೇನ ಇಸ್ಕೂಲ್ಗೆ ಬಾಡ್ಗೆಗೆ ಕೊಟ್ಟಿದ್ದೀನಾ ಸೋಮಿ? ಬುಡಿ, ಗೌಡ್ರ ದನ ಕಾಯಕ್ಕೆ ಓಯ್ತಾನೆ."

ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ. ಹೊಳೆಯದವರ ಮೂಗು ಹಿಡಿಯುವ ಪದ್ಧತಿ ಆ ಮನೆಯಲ್ಲಿರಲಿಲ್ಲ, ಪುಣ್ಯ. ಇನ್ನೊಂದು ವಾರ ಕಳಿಸಿ ನೋಡಮ್ಮ ಎಂದು ಕೇಳಿಕೊಂಡು ಬಂದರು. ಒಂದೇ ಒಂದು ವಾರ ಎಂದು ಅವಳು ಒಪ್ಪಿದಳು.

ಸೋಮವಾರದಿಂದ ಮೂಗು ಹಿಡಿಯುವುದು ನಿಂತಿತು. ಉತ್ತರ ಗೊತ್ತಿದ್ದವನು ಹೇಳದವನ ಪಕ್ಕ ಕೂತು ಕಲಿಸಬೇಕು. ಅವನು ಗಟ್ಟಿಯಾಗಿ ಒಪ್ಪಿಸುವ ತನಕ ಇಬ್ಬರೂ ಮನೆಗೆ ಹೋಗುವ ಹಾಗಿಲ್ಲ. ರೇವಣ್ಣನ ಪಾಲಿಗೆ ಚೌಡ ಬಂದ. ರೇವಣ್ಣ ಹೇಳಿಕೊಟ್ಟ, ಗದರಿದ. ಚೌಡ ತುಟಿ ಬಿಚ್ಚಲಿಲ್ಲ. ಇಬ್ಬರನ್ನೇ ಬಿಟ್ಟು ಹೋಗಲಾರದೆ ಮೇಷ್ಟ್ರು ಎದುರಿಗೇ ಕೂತರು. ಐದಕ್ಕೆ ಬಸ್ಸು ಕೆಮ್ಮುತ್ತಾ ಹೋಯಿತು. ಮಂಗಳವಾರವೂ ಹೋಯಿತು. ಬುಧವಾರವೂ.

ಗುರುವಾರ ಕೆಂಪಯ್ಯನವರೇ ಬಂದರು. ಉತ್ತರ ಬಾರದವನಿಗಾಗಿ ಬಲ್ಲವನನ್ನು ಕೂಡಿಹಾಕುವುದು ಯಾವ ಊರಿನ ನ್ಯಾಯ, ಇನ್‌ಸ್ಪೆಕ್ಟರಿಗೆ ಬರೆಯುತ್ತೇನೆ ಎಂದರು.

"ಬರೀರಿ, ಕಾಗದ ನಾನೇ ಕೊಡ್ತೀನಿ," ಎಂದರು ಮೇಷ್ಟ್ರು, ಎದ್ದು ನಿಲ್ಲಲೂ ಬೇಸರವಾಗಿ. "ನಿಮ್ಮ ಹುಡುಗನ ಲೆಕ್ಕ ಸರಿಯಾಗಿದೆ ಕೆಂಪಯ್ಯನೋರೇ. ಕೈ ಇನ್ನೂ ಕಲೀಬೇಕು."

ಶುಕ್ರವಾರ ಸಂಜೆ, ಬಸ್ಸಿನ ಹೊಗೆ ರಸ್ತೆಯ ಮೇಲೆ ಕರಗಿದ ಮೇಲೆ, ರೇವಣ್ಣನೇ ಸೋತ.

"ಮಗ್ಗಿ ಏಳ್ಲಾ ಚೌಡ. ಒಟ್ಟೆ ಅಸೀತದೆ."

"ಕೆರೆಗೆ ನೂಕ್ತೀಯಲ್ಲ."

"ನೂಕಾಕಿಲ್ಲ ಕಣ್ಲಾ."

"ಮೇಷ್ಟ್ರಿಗೆ ಕೇಳಂಗೆ ಏಳು."

ರೇವಣ್ಣ ಕೇಳುವ ಹಾಗೆ ಹೇಳಿದ. ಚೌಡ ಹದಿನೇಳರ ಮಗ್ಗಿಯನ್ನು ಒಂದೇ ಉಸಿರಿಗೆ ಮುಗಿಸಿದ. ಮೇಷ್ಟ್ರು ಮೆಟ್ಟು ಹುಡುಕಿ ಕಾಲಿಗೆ ಸಿಕ್ಕಿಸಿಕೊಂಡು, ಬಾಗಿಲಿಗೆ ಬೀಗ ಹಾಕಿ, ಮದ್ದೂರಿನ ಕಡೆ ನಡೆದರು.

ಚೌಡ ದನ ಕಾಯಲು ಹೋಗಲಿಲ್ಲ. ಮುಂದೆ ಮಂಡ್ಯದ ಹೈಸ್ಕೂಲಿಗೆ ಹೋದ. ಮೇಷ್ಟ್ರು ನಿವೃತ್ತರಾಗುವ ತನಕ ಆ ಶಾಲೆಯಲ್ಲಿ ಯಾರೂ ಯಾರ ಮೂಗನ್ನೂ ಹಿಡಿಯಲಿಲ್ಲ. ಅವರ ಹಿಮ್ಮಡಿಯ ನೋವು ಮಾತ್ರ ಕೊನೆಯವರೆಗೂ ಹೋಗಲಿಲ್ಲ.

ಕೆಂಪಯ್ಯನವರ ಮಗ ರೇವಣ್ಣ ನಾನೇ. ಆ ವಾರ ಮೇಷ್ಟ್ರು ನಡೆದ ಇಪ್ಪತ್ತು ಮೈಲಿ ನನ್ನ ಮೇಲಿರುವ ಋಣ.