ಯಜಮಾನರ ಒಪ್ಪಿಗೆ

ಇದರ ಒಂದೊಂದು ಅಕ್ಷರವೂ ನಿಜ. ಬೇಕಾದರೆ ಚಾಮುಂಡಿ ಬೆಟ್ಟ ಹತ್ತಿ ಆಣೆ ಮಾಡ್ತೀನಿ.

ನಮ್ಮ ಕಂಪನಿಯ ಹೊಸ ಆ್ಯಪಿನಲ್ಲಿ ಕನ್ನಡದ ಕಾಗುಣಿತ ತಿದ್ದುವ ಭಾಗ ರಾಜೀವನಗರದ ಮೇಡಂ ಒಬ್ಬರು ಬರೆದದ್ದು. ಅದರ ಲೈಸೆನ್ಸ್ ಜಿಪಿಎಲ್. ಅದನ್ನು ಸೇರಿಸಿಕೊಂಡು ಮಾರಿದರೆ ನಮ್ಮ ಕೋಡನ್ನೂ ಕೊಂಡವರ ಮುಂದೆ ತೆರೆದಿಡಬೇಕು. ಮೇಡಂ ಅದನ್ನು ಎಂಐಟಿ ಲೈಸೆನ್ಸಿಗೆ ಬದಲಾಯಿಸಿದರೆ ಆ ಕಟ್ಟುಪಾಡಿಲ್ಲ, ನಮ್ಮ ಸಾಹೇಬರ ಗುಟ್ಟು ಉಳಿಯುತ್ತದೆ. ಒಪ್ಪಿಸೋಕೆ ಮೈಸೂರಿನಲ್ಲಿ ನನ್ನನ್ನು ಬಿಟ್ಟರೆ ಇನ್ಯಾರಿದ್ದಾರೆ?

ಅವರ ಮನೆಗೆ ಹೋದೆ. ಕಾಫಿ ಮುಗಿಯುವಷ್ಟರಲ್ಲಿ ಮೇಡಂ ಒಪ್ಪಿಬಿಟ್ಟರು. "ನಂದೇನೂ ಅಡ್ಡಿಯಿಲ್ಲ ಕಣ್ರೀ. ಆದ್ರೆ ಒಂದಿಷ್ಟು ಕೋಡು ನಮ್ಮ ಯಜಮಾನ್ರದ್ದು. ಅವರೂ ಒಪ್ಪಬೇಕು."

"ಕೇಳಿಬಿಡಿ ಮತ್ತೆ."

"ಒತ್ತಕ್ಷರ ತಿದ್ದೋ ಕೋಡಿನ ಜಗಳದಲ್ಲಿ ಮಾತು ಬಿಟ್ಟಿದೀವಿ. ನೀವೇ ಕೇಳಿ."

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಕೋಣೆಯಿಂದ ಯಜಮಾನರ ದನಿ ಬಂತು: "ಅವಳೇ ಬಂದು ಕೇಳಿದ್ರೆ ಒಪ್ತೀನಿ ಅಂತ ಹೇಳಿ!"

"ನಾನಾ?" ಮೇಡಂ ಲೋಟ ಎತ್ತಿಕೊಂಡು ಎದ್ದರು. "ಜಿಪಿಎಲ್ಲೇ ಇರ್ಲಿ ಬುಡಿ."

ಸಾಹೇಬರು ಬೇರೆ ದಾರಿಯಿಲ್ಲದೆ ನಮ್ಮ ಕೋಡನ್ನು ಊರಿಗೆಲ್ಲ ತೆರೆದಿಟ್ಟರು. ನಾನು ಬರೆದ ಭಾಗ ಕಂಡವರೆಲ್ಲ ಕೈ ಮುಗಿದರು.

ಕೈ ಮುಗಿದದ್ದೊಂದು ಮಾತ್ರ ನಾನು ಕಟ್ಟಿ ಹೇಳಿದ್ದು. ಅವರೆಲ್ಲ ನನ್ನ ತಪ್ಪು ತಿದ್ದಿ ಕಳಿಸಿದರು, ಎಲ್ಲರಿಗಿಂತ ಮೊದಲು ಆ ಯಜಮಾನರು.