ಏಸಿಗೆ ಕೊಟ್ಟ ರಜೆ

ಮೊನ್ನೆ ಬಸವೇಶ್ವರನಗರದ ಕ್ಲಿನಿಕ್ಕಿನಲ್ಲಿ ನರ್ಸಮ್ಮ ಇಂಜೆಕ್ಷನ್ನಿಗೆ ಮುಂಚೆ ತೋಳಿಗೆ ಸ್ಪಿರಿಟ್ ಒರೆಸಿದರು. ಆ ವಾಸನೆಗೆ ಮೇಡಂ ನೆನಪಾದರು. ಎಂಬತ್ತರ ದಶಕದ ಕೊನೆಯಲ್ಲಿ ಕೆಂಗೇರಿ ಕಡೆಯ ಒಂದು ಸಸ್ಯ ಸಂಶೋಧನೆಯ ಲ್ಯಾಬಿನಲ್ಲಿ ನಾನು ಅವರ ಸಹಾಯಕ. ಸ್ಪಿರಿಟ್ ಹಚ್ಚಿ ಹಚ್ಚಿ ಅವರ ಬೆರಳ ಚರ್ಮ ಸದಾ ಸುಲಿದಿರುತ್ತಿತ್ತು...

ಕಿತ್ತಳೆಯನ್ನು ಕಸಿ ಕಟ್ಟುವುದು ನಿಂಬೆ ಜಾತಿಯ ಇನ್ನೊಂದು ಗಿಡದ ಬೇರಿನ ಮೇಲೆ. ಆ ಬೇರು ಕೊಳೆತರೆ ಮರವೇ ಹೋಯಿತು. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾಕ್ಕೆ ಗಿಡದ ಗಾಯದೊಳಗೆ ನುಗ್ಗಿ ತನ್ನ ಜೀನ್ ಸೇರಿಸುವ ಚಾಳಿ ಇದೆ. ಅದರ ಕೈಯಲ್ಲೇ ನಮಗೆ ಬೇಕಾದ ಜೀನ್ ಕೊಟ್ಟು ಕಳಿಸಿದರೆ ಮುಂದೊಂದು ದಿನ ಕೊಳೆಯದ ಬೇರು ಬಂದೀತು ಎಂಬುದು ಮೇಡಂ ಆಸೆ. ಜೀನ್ ಸೇರಿದ ಒಂದೇ ಒಂದು ಸಸಿಯನ್ನಾದರೂ ತೋರಿಸದಿದ್ದರೆ ಆ ವರ್ಷ ಪ್ರಾಜೆಕ್ಟ್ ಮುಚ್ಚುವುದು ಗ್ಯಾರಂಟಿಯಿತ್ತು.

ಹಾಳಾದ್ದು, ಒಂದು ಸರಿಹೋದರೆ ಇನ್ನೊಂದು ಕೈಕೊಡುತ್ತಿತ್ತು. ಸಸಿ ಬಲಿತಿದ್ದರೆ ಜೀನ್ ಒಳಗೆ ಹೋಗದು, ತೀರಾ ಎಳೆಯದಾದರೆ ನಾವು ಮಾಡಿದ ಗಾಯಕ್ಕೇ ಸಾಯುವುದು. ಸಸಿ, ಬ್ಯಾಕ್ಟೀರಿಯಾ ಎರಡನ್ನೂ ಜೊತೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಬಿಟ್ಟರೆ ಬ್ಯಾಕ್ಟೀರಿಯಾ ಲೋಳೆಲೋಳೆಯಾಗಿ ಉಕ್ಕಿ ಸಸಿಯನ್ನೇ ನುಂಗುವುದು. "ಬಾಡಿಗೆಗೆ ಬಂದೋರು ಓನರ್‌ನೇ ಆಚೆ ಹಾಕಿದಂಗಾಯ್ತಲ್ರೀ" ಅನ್ನುತ್ತಿದ್ದರು ಮೇಡಂ, ನಗದೆ. ಅದನ್ನು ಕೊಲ್ಲಲು ಔಷಧಿ ಹಾಕಿದರೆ ಚಿಗುರೂ ಬಿಳಿಚಿಕೊಳ್ಳುತ್ತಿತ್ತು.

ಕೊನೆಗೂ ದಸರಾ ಹೊತ್ತಿಗೆ, ಜೀನ್ ಸೇರದ ಚಿಗುರನ್ನು ಸಾಯಿಸಲೆಂದೇ ಹಾಕುವ ಇನ್ನೊಂದು ಔಷಧಿಯನ್ನೂ ತಡೆದುಕೊಂಡು ಕೆಲವು ಚಿಗುರು ಹಸಿರಾಗಿ ನಿಂತವು. ಜೀನ್ ಸೇರಿದವು ಮಾತ್ರ ಹಾಗೆ ಉಳಿಯಬೇಕು. ಆದರೆ ಸೇರದವೂ ಒಮ್ಮೊಮ್ಮೆ ಉಳಿದು ಮೋಸ ಮಾಡುತ್ತವೆ, ಪರೀಕ್ಷೆ ಮಾಡಲೇಬೇಕು. ಪರೀಕ್ಷೆಗೆ ಕೀಳಲು ಎಲೆ ಇನ್ನೂ ಚಿಕ್ಕದು, ಹಬ್ಬ ಕಳೆಯಲಿ ಅಂದರು ಮೇಡಂ.

ಆಯುಧಪೂಜೆಯ ದಿನ ಅಟೆಂಡರ್ ಎಲ್ಲ ಯಂತ್ರಗಳಿಗೂ ಕುಂಕುಮವಿಟ್ಟು ಹೂ ಏರಿಸಿದ. ನಾವು ಕಡಲೆಪುರಿ ಕಟ್ಟಿಸಿಕೊಂಡು ಮನೆಗೆ ಹೊರಟೆವು. ಪೂಜೆಯಾದ ಯಂತ್ರ ಓಡಿಸಬಾರದೆಂದು ಅವನು ಸಸಿ ಕೋಣೆಯ ಏಸಿ ಆಫ್ ಮಾಡಿದ. ಹಬ್ಬದ ದಿನ ದೀಪ ಆರಿಸಬಾರದೆಂದು ಟ್ಯೂಬ್‌ಲೈಟುಗಳನ್ನು ಮಾತ್ರ ಉರಿಯಲು ಬಿಟ್ಟ. ರಜೆ ಮುಗಿಸಿ ಬಂದು ಬಾಗಿಲು ತೆಗೆದರೆ ಒಳಗಿನ ಕಾವು ಮುಖಕ್ಕೆ ಬಡಿಯಿತು. ಚಿಗುರೆಲ್ಲ ಬೆಂದ ಸೊಪ್ಪಾಗಿತ್ತು, ಪರೀಕ್ಷೆಗೂ ಬಾರದಂತೆ.

"ಒಳ್ಳೇದಾಗ್ಲಿ ಅಂತ್ಲೇ ಮಾಡ್ದೆ ಮೇಡಂ" ಅಂದ ಅಟೆಂಡರ್, ಕಣ್ಣಲ್ಲಿ ನೀರು. ಬೈಯಲು ಹೋದ ನನ್ನನ್ನು ಮೇಡಂ ತಡೆದರು. ನನಗಂತೂ ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

"ಯಾವ್ಯಾವ ಅಂಶ ಪರಿಣಾಮ ಬೀರುತ್ತೆ ಅಂತ ರಿಪೋರ್ಟ್ ಬರೀಬೇಕಲ್ರೀ" ಅಂದರು ಮೇಡಂ. "ಸಸಿ ವಯಸ್ಸು, ಔಷಧಿ, ಬಿಸಿ... ಆಯುಧಪೂಜೆನ ಎಲ್ಲಿ ಸೇರಿಸ್ಲಿ?"

ಪ್ರಾಜೆಕ್ಟ್ ಮುಚ್ಚಿತು. ಮೇಡಂ ವಿಜಯನಗರದ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದರು. ದಾರಿಯಲ್ಲಿ ಸಿಕ್ಕಾಗಲೆಲ್ಲ, ಹೇಗಿದ್ದೀರಿ ಎನ್ನುವುದಕ್ಕೂ ಮುಂಚೆ ಒಂದೇ ಮಾತು: "ಜೀನ್ ಸೇರಿತ್ತು ಅಂತೀರಾ?" ನಾನು "ಸೇರಿತ್ತು ಮೇಡಂ" ಅನ್ನುತ್ತಿದ್ದೆ. ನೋಡದೆ ಹೇಳಿದ್ದನ್ನು ಅವರು ನಂಬುವವರಲ್ಲ.

ಹೋದ ವರ್ಷ ಮೇಡಂ ತೀರಿಕೊಂಡರು... ಈಗ ಆ ಪ್ರಶ್ನೆ ಕೇಳುವವರಿಲ್ಲ. ಸೇರಿತ್ತೋ ಇಲ್ಲವೋ, ನನಗೂ ಗೊತ್ತಿಲ್ಲ.